ಮಹಾಪ್ರಾಣವಿಲ್ಲದ ಭೂಮಿ

೧೯೮೫ರಲ್ಲಿ ನನಗೆ ಹನ್ನೊಂದು ವರ್ಷ. ಈ ಎರಡು ಸಂಖ್ಯೆಗಳನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಆ ಕಾಲದ ಬಗ್ಗೆ ನಾನು ಖಚಿತವೆಂದು ನಂಬಿದ್ದ ಬಹಳಷ್ಟು ಸಂಗತಿಗಳು ಈಗ ಬಿದ್ದುಹೋಗಿವೆ. ಇವೆರಡು ಮಾತ್ರ ನಿಂತಿವೆ. ಕಳೆದ ಏಪ್ರಿಲ್‌ನಲ್ಲಿ, ರಾಜಧಾನಿ ಕೆಎಲ್‌ನ ಬಾಂಗ್ಸಾರ್ ಬಡಾವಣೆಯ ನನ್ನ ಮನೆಯ ಮುಂದೆ, ಅಪ್ಪನ ಮೋಟಾರ್ ಸೈಕಲ್ಲಿನ ಸೀಟನ್ನು ಬಿಚ್ಚಿ ಪಕ್ಕಕ್ಕಿಟ್ಟಾಗ ಅದರ ಅಡಿಯಿಂದ ಒಂದು ವಾಸನೆ ಎದ್ದಿತು. ಹಳೆಯ ಎನಾಮೆಲ್ ಬಣ್ಣ, ಆರಿಹೋದ ಪೆಟ್ರೋಲು, ಉಪ್ಪುಗಾಳಿಗೆ ಜಿಗುಟಾದ ರಬ್ಬರು ಇವುಗಳ ಮಿಶ್ರಣ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಮನೆಯೇ ವಾಸನೆಯಾಗಿ ಉಳಿದುಕೊಂಡಿರುವುದನ್ನು ನೀವೂ ಒಮ್ಮೆಯಾದರೂ ಅನುಭವಿಸಿರುತ್ತೀರಿ. ನನ್ನ ಮಟ್ಟಿಗೆ ಆ ಮನೆ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿತ್ತು. ತಗಡಿನ ಮಾಡು, ಕೆಂಪು ಸಿಮೆಂಟಿನ ನೆಲ, ಅಡುಗೆಮನೆಯ ಕಿಟಕಿಯ ಹೊರಗೆ ಅಮ್ಮ ನೆಟ್ಟ ಕರಿಬೇವು, ತಲೆಯ ಮೇಲೆ ಇಳಿಯುವ ವಿಮಾನಗಳು. ವಿಮಾನ ಬಂದಾಗಲೆಲ್ಲ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅದು ಹೋದ ಮೇಲೆ ಅಪ್ಪ ವಾಕ್ಯವನ್ನು ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಆ ಜಾಗದಲ್ಲಿ ಈಗ ಇಪ್ಪತ್ತೆರಡು ಅಂತಸ್ತಿನ ಕಟ್ಟಡವಿದೆ. ಆ ಮನೆಯಿಂದ ಉಳಿದದ್ದು ಆ ಗಾಡಿ, ನನ್ನದೊಂದು ಹಳೆಯ ನೋಟ್‌ಬುಕ್ಕು, ಅಷ್ಟೆ.

ನಾವು ನಾಲ್ವರಿದ್ದೆವು. ಅಪ್ಪ ಮೈಸೂರಿನವರು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ. ಅಮ್ಮ. ನಾನು. ಮತ್ತು ಅಪ್ಪನ ತಮ್ಮ ಶ್ರೀಪತಿ, ನನ್ನ ಚಿಕ್ಕಪ್ಪ. ಅಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿ ನಮ್ಮ ಜೊತೆಯಲ್ಲೇ ಇದ್ದ. ಅಪ್ಪನನ್ನು ಬಹುವಚನದಲ್ಲೂ ಚಿಕ್ಕಪ್ಪನನ್ನು ಏಕವಚನದಲ್ಲೂ ಬರೆಯುತ್ತಿರುವುದು ಅಗೌರವದಿಂದಲ್ಲ. ನಮ್ಮ ಮನೆಯಲ್ಲಿ ಅವನು 'ಬಂದ', 'ಹೋದ', 'ತಿಂದ' ಅಷ್ಟೆ. ಆ ಏಕವಚನ ಅವನಿಂದ ಕಿತ್ತುಕೊಳ್ಳಲ್ಪಟ್ಟ ದಿನದ ಬಗ್ಗೆಯೇ ನಾನೀಗ ಹೇಳಹೊರಟಿರುವುದು.

ನಾನು ಮಲಯ ಭಾಷೆಯ ಶಾಲೆಗೆ ಹೋಗುತ್ತಿದ್ದೆ. ಮಗ ಕನ್ನಡ ಮರೆತಾನೆಂಬ ಭಯ ಅಪ್ಪನಿಗೆ. ಅದಕ್ಕೆ ಅವರೊಂದು ಉಪಾಯ ಹೂಡಿದ್ದರು: ಶಾಲೆಯಲ್ಲಿ ಕಿವಿಗೆ ಬಿದ್ದ ಮಲಯ ಪದಗಳಲ್ಲಿ ಸಂಸ್ಕೃತದಿಂದ ಹೋದವನ್ನು ಹೆಕ್ಕಿ, ಎದುರಿಗೆ ಅದರ ಕನ್ನಡ ರೂಪವನ್ನು ನಾನು ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಹಾಸ ಎಂದರೆ ಭಾಷೆ. ಕೆಪಾಲ ಎಂದರೆ ಕಪಾಲ, ತಲೆ. ಸೌದಾರ ಎಂದರೆ ಸೋದರ. ಬೂಮಿ ಎಂದರೆ ಭೂಮಿ. "ಮಹಾಪ್ರಾಣ ಉದುರಿಸಿಕೊಂಡಿದ್ದಾರೆ, ಅಷ್ಟೆ. ಪದ ನಮ್ಮದೇ," ಎಂದು ಅಪ್ಪ ಪ್ರತಿ ಹೊಸ ಪದಕ್ಕೂ ಹೇಳುತ್ತಿದ್ದರು. ದೋಸ ಎಂದರೆ ದೋಷ, ಪಾಪ ಎಂದು ನಾನು ಓದಿ ಹೇಳಿದ ದಿನ ಚಿಕ್ಕಪ್ಪ ಅಡುಗೆಮನೆಯತ್ತ ತಿರುಗಿ, "ಅತ್ತಿಗೆ, ಇನ್ನೆರಡು ಪಾಪ ಹಾಕಿ, ಗರಿಗರಿಯಾಗಿರ್ಲಿ," ಎಂದು ಕೂಗಿದ. ಅಮ್ಮ ನಗು ತಡೆಯಲಾರದೆ ಸೌಟು ಕೆಳಗಿಟ್ಟಳು. ಅವನು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. "ಏನೋ ವ್ಯಾಕರಣ, ಇವತ್ತು ಯಾರ ತಪ್ಪು ಹಿಡಿದೆ?" ಎನ್ನುತ್ತಿದ್ದ. ನನಗೆ ಆ ಹೆಸರಿನ ಬಗ್ಗೆ ಹೆಮ್ಮೆಯಿತ್ತು. ಮುಂದೆ ಇಪ್ಪತ್ತಾರು ವರ್ಷ ಮೇಷ್ಟರಾಗಿ ಮಕ್ಕಳ ವಾಕ್ಯಗಳಿಗೆ ಕೆಂಪು ಇಂಕಿನಿಂದ ಗೆರೆ ಹೊಡೆದವನ ಬೇರು ಅಲ್ಲಿಯೇ ಇದೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಅದು ಇಂಗ್ಲೆಂಡಿನಲ್ಲಿ ತಯಾರಾದದ್ದು, ನನಗಿಂತ ಎರಡು ದಶಕ ಹಿರಿದು. ರಬ್ಬರ್ ತೋಟದ ಮ್ಯಾನೇಜರೊಬ್ಬರ ಕೈಯಿಂದ ಅಪ್ಪ ಕೊಂಡಿದ್ದರು. ಹಸಿರು ಬಣ್ಣ ಎದ್ದುಹೋಗಿ, ಸಮುದ್ರದ ಗಾಳಿಗೆ ತುಕ್ಕು ಹಿಡಿದಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ, ಅಪ್ಪ ಕೆಲಸದ ಮೇಲೆ ಹತ್ತು ದಿನ ಸಿಂಗಪುರಕ್ಕೆ ಹೋಗಿದ್ದಾಗ, ಚಿಕ್ಕಪ್ಪ ಗಾಡಿಯನ್ನು ಪೂರ್ತಿ ಬಿಚ್ಚಿಸಿ, ಚೌಕಟ್ಟಿನಿಂದ ಟ್ಯಾಂಕಿನವರೆಗೆ ಹೊಳೆಯುವ ಕಪ್ಪು ಎನಾಮೆಲ್ ಹೊಡೆಸಿದ. ಅಪ್ಪ ಬಂದು, ಕೈಚೀಲ ಕೆಳಗಿಡದೆಯೇ, ಟ್ಯಾಂಕಿನ ಮೇಲೆ ಅಂಗೈ ಆಡಿಸಿದರು. "ಮುಖ ಕಾಣ್ತದಲ್ಲೋ ಇದರಲ್ಲಿ!" ಎಂದರು. ಆದರೆ ಅಮ್ಮನಿಗೆ ಸಮಾಧಾನವಿರಲಿಲ್ಲ. "ಇಟ್ಕೊಳ್ಳೋ ಗಾಡಿಗೆ ಯಾರಾದ್ರೂ ಇಷ್ಟೊಂದು ಬಣ್ಣ ಹೊಡೆಸ್ತಾರಾ? ಮಾರೋ ಗಾಡಿಗೆ ಹೊಡೆಸ್ತಾರೆ," ಎಂದು ಅವಳು ಸಾರಿಗೆ ಒಗ್ಗರಣೆ ಹಾಕುತ್ತ ಹೇಳಿದ್ದು ಬೇರೆ ಯಾರಿಗೂ ಕೇಳಿಸಲಿಲ್ಲ, ನನಗೆ ಕೇಳಿಸಿತು. ನನ್ನ ಕಿವಿಗೆ ಬಿದ್ದ ಯಾವ ವಾಕ್ಯವೂ ಅಲ್ಲಿಂದ ಕೆಳಗೆ ಬೀಳುತ್ತಿರಲಿಲ್ಲ.

ಆಮೇಲೆ ನಾನು ಕಣ್ಣಿಡತೊಡಗಿದೆ. ಗಾಡಿ ಸರಿಯಾಗಿ ಚಾಲೂ ಆಗುತ್ತಿರಲಿಲ್ಲ. ಒಂದು ಕಿಕ್ಕಿಗೆ ಗುಡುಗಿ, ಮರುಕ್ಷಣ ಸತ್ತುಹೋಗುತ್ತಿತ್ತು. ಮತ್ತೆ ಇಪ್ಪತ್ತು ಸಲ ಒದ್ದರೂ ಉಸಿರಿಲ್ಲ. ಅಪ್ಪ ಕಾರ್ಖಾನೆಯ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಅವರಿಗೆ ಇದು ತಿಳಿದಿರಲಿಲ್ಲ. ಮೂರು ಶನಿವಾರ ಚಿಕ್ಕಪ್ಪ, ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಗಾಡಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋಗಿ ಸಂಜೆ ಓಡಿಸಿಕೊಂಡು ಬಂದ. ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ನಾನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆ. "ಎಲ್ಲಿಗೆ ಹೋಗಿದ್ದೆ ಚಿಕ್ಕಪ್ಪ?" ಎಂದರೆ, "ಸಮುದ್ರಕ್ಕೆ ಗಾಳಿ ಕಡಿಮೆಯಾಗಿತ್ತಂತೆ, ಹಾಕಿ ಬಂದೆ," ಎಂದು ನನ್ನ ತಲೆಗೂದಲು ಕೆದರಿ ಒಳಗೆ ಹೋದ. ತಮಾಷೆ ಮಾಡಿದವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ನಾನು ಬರೆದುಕೊಂಡೆ. ಅದು ಮಾತ್ರ ನಿಜವಾಗಿತ್ತು.

ನಾಲ್ಕನೆಯ ವಾರ, ಒಂದು ಗುರುವಾರ, ಶಾಲೆಯಿಂದ ಬಂದಾಗ ಗಾಡಿಯ ಸೀಟು ಮತ್ತು ಟ್ಯಾಂಕಿನ ನಡುವೆ ಸಿಕ್ಕಿಸಿದ್ದ ಚೀಟಿ ನನಗೆ ಸಿಕ್ಕಿತು. ಮಡಿಸಿದ ಕಾಗದ, ದುಂಡಗಿನ ಸುಂದರ ಅಕ್ಷರ, ಅಂಚಿನಲ್ಲಿ ಗ್ರೀಸಿನ ಬೆರಳಚ್ಚು. ಕೆಳಗೆ ಪಾಕ್ ಮಾನ್ ಎಂಬ ಸಹಿ. ಅಂಥವರೊಬ್ಬರಿರುವುದು ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹೊರತು ಯಾರಿಗೂ ಗೊತ್ತಿರಲಿಲ್ಲ. ಇದ್ದದ್ದು ನಾಲ್ಕೇ ವಾಕ್ಯ: "ಸೌದಾರ. ಬೂಮಿ ಪುತುಸ್. ನಾಂತಿ ಸಾಯ ದಾತಾಂಗ್ ಸಾಂಬೂಂಗ್. ಆಬಾಂಗ್ ಬೆಲುಂ ತಾಹು."

ನಾನು ಅಂಗಳದಲ್ಲೇ ಕುಳಿತು ಕ್ರಮಬದ್ಧವಾಗಿ ಅನುವಾದಿಸಿದೆ. ಸೌದಾರ, ಸೋದರ. ಬೂಮಿ, ಭೂಮಿ. 'ಪುತುಸ್' ಮಾತ್ರ ತಿಳಿಯಲಿಲ್ಲ. ಆದರೆ ಪರೀಕ್ಷೆಯ ಫಲಿತಾಂಶಕ್ಕೆ, ಸಭೆಯ ನಿರ್ಣಯಕ್ಕೆ ಶಾಲೆಯಲ್ಲಿ 'ಕೆಪುತುಸಾನ್' ಎನ್ನುತ್ತಿದ್ದರು. ಮುಂದಿನ ಪ್ರತ್ಯಯವನ್ನೂ ಹಿಂದಿನ ಪ್ರತ್ಯಯವನ್ನೂ ಬಿಡಿಸಿದರೆ ಉಳಿಯುವ ಧಾತು ಪುತುಸ್, ಅರ್ಥ, ತೀರ್ಮಾನವಾಗು. ಅಪ್ಪ ನನಗೆ ಕಲಿಸಿದ ವಿಧಾನವೇ ಅದು. ಹೀಗೆ ನನ್ನ ಅನುವಾದ ಸಿದ್ಧವಾಯಿತು: "ಸೋದರ. ಭೂಮಿ ತೀರ್ಮಾನವಾಯಿತು. ಆಮೇಲೆ ನಾನು ಬಂದು ಮುಂದುವರಿಸುತ್ತೇನೆ. ಅಣ್ಣನಿಗೆ ಇನ್ನೂ ಗೊತ್ತಿಲ್ಲ."

ನಂಜನಗೂಡಿನ ರಸ್ತೆಯಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿ ಒಂದೂವರೆ ಎಕರೆ ಭೂಮಿಯಿತ್ತು. ನಿವೃತ್ತಿಯಾದ ಮೇಲೆ ಅಲ್ಲೊಂದು ಶಾಲೆ ತೆರೆಯಬೇಕೆಂದು ಅಪ್ಪ ನಕ್ಷೆ ಬರೆದಿಟ್ಟಿದ್ದರು. ಯಾವ ಕೋಣೆಗೆ ಯಾವ ಕಡೆ ಕಿಟಕಿ ಎಂಬುದೂ ನಿರ್ಧಾರವಾಗಿತ್ತು. ಆ ನಕ್ಷೆ ನಮ್ಮ ಊಟದ ಮೇಜಿನ ಗಾಜಿನ ಕೆಳಗಿತ್ತು. ನಾನು ಚೀಟಿಯನ್ನೂ ಅನುವಾದವನ್ನೂ ಚಿಕ್ಕಪ್ಪನಿಗಲ್ಲ, ಅಪ್ಪನ ಕೈಗೆ ಕೊಟ್ಟೆ. ಅಪ್ಪನ ಮಲಯ ಅಂಗಡಿ ಬೀದಿಯ ಮಲಯ, ಅಕ್ಷರ ಕೂಡಿಸಿ ಓದಿದರೂ ಅರ್ಥವಾಗದು. ಅವರು ಚೀಟಿಯ ಒಂದೇ ಪದದ ಮೇಲೆ ಬೆರಳಿಟ್ಟರು. "ಇದು ಭೂಮಿಯೇ ತಾನೆ?" ಎಂದು ಕೇಳಿದರು. "ಹೌದಪ್ಪ. ಮಹಾಪ್ರಾಣ ಬಿಟ್ಟಿದ್ದಾರೆ," ಎಂದೆ.

ಅಂದು ಊಟಕ್ಕೆ ಕುಳಿತಾಗ ಅಪ್ಪ ಚೀಟಿಯನ್ನು ತೋರಿಸಲಿಲ್ಲ. ತಮ್ಮ ತಾನಾಗಿಯೇ ಹೇಳಲಿ ಎಂಬ ಆಸೆ ಅವರಿಗಿತ್ತೆಂದು ಈಗ ಅನ್ನಿಸುತ್ತದೆ.

"ಶ್ರೀಪತಿ, ನನಗೆ ಗೊತ್ತಾಗಬಾರದು ಅಂತ ನೀನು ಇಟ್ಟಿದ್ದು ನನಗೆ ಗೊತ್ತಾಗಿದೆ."

ಚಿಕ್ಕಪ್ಪನ ಕೈ ತಟ್ಟೆಯಲ್ಲಿ ನಿಂತಿತು. "ಯಾರು ಹೇಳಿದ್ರು ಅಣ್ಣ?"

"ಅದು ಬೇಡ. ಹೌದೋ ಅಲ್ಲವೋ?"

"ಹೌದು. ಸರಿ ಮಾಡಿಸಿ ಆಮೇಲೆ ಹೇಳೋಣ ಅಂತಿದ್ದೆ. ನಿನಗೆ ಬೇಜಾರಾಗತ್ತೆ ಅಂತ."

"ಬೇಜಾರು! ನನ್ನದನ್ನ ನನಗೆ ಕೇಳದೆ ಮುಟ್ಟೋಕೆ ನಿನಗೆ ಯಾರು ಹೇಳಿದ್ದು?"

"ನಿನಗೆ ಖುಷಿಯಾಗ್ಲಿ ಅಂತ ಮಾಡ್ದೆ ಅಣ್ಣ. ಹಾಳಾಗತ್ತೆ ಅಂತ ನನಗೇನು ಗೊತ್ತು?"

ಒಂದು ವಿಮಾನ ಇಳಿಯಿತು. ಸದ್ದು ಅಡಗಿದ ಮೇಲೆ ಅಪ್ಪ ವಾಕ್ಯವನ್ನು ಮುಂದುವರಿಸಲಿಲ್ಲ. ಎದ್ದು ಕೈ ತೊಳೆದರು. ಅಮ್ಮ ಮೈದುನನ ತಟ್ಟೆಯನ್ನು ನೋಡಿ, "ಅನ್ನ ಹಾಕಿಸ್ಕೊಳ್ತೀರಾ?" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಅವನಿಗೆ ಬಳಸಿದ ಮೊದಲ ಬಹುವಚನ ಅದು. ಚಿಕ್ಕಪ್ಪ ಅವಳ ಮುಖವನ್ನೇ ನೋಡಿದ. ಮುಂದಿನ ವಾರ ಅವನು ಕಾರ್ಖಾನೆಯ ಕೆಲಸ ಬಿಟ್ಟು ದೂರದ ಮೆಲಾಕಾ ಪಟ್ಟಣಕ್ಕೆ ಹೊರಟುಹೋದ. ಹೊರಡುವಾಗ ಗಾಡಿಯ ಬಳಿ ನಿಂತು, ಕರವಸ್ತ್ರದಿಂದ ಹೆಡ್‌ಲೈಟ್ ಒರೆಸಿ, ನನಗೆ, "ಚೆನ್ನಾಗಿ ಓದೋ ವ್ಯಾಕರಣ," ಎಂದ. ಭೂಮಿ ಮಾರಿದವನ ಬಳಿ ಮಾತಾಡಬಾರದೆಂದು ನಿರ್ಧರಿಸಿದ್ದೆ.

ಭೂಮಿ ಮಾರಾಟವಾಗಿರಲಿಲ್ಲ. ಅಪ್ಪ ಊರಿಗೆ ಬರೆದು ವಿಚಾರಿಸಿದಾಗ ಎಲ್ಲವೂ ಇದ್ದಂತೆಯೇ ಇದೆಯೆಂದು ಉತ್ತರ ಬಂತು. ಅನುಮಾನ ಅಲ್ಲಿಗೆ ಸಾಯಬೇಕಿತ್ತು. ಸಾಯಲಿಲ್ಲ. "ಗೊತ್ತಾಯ್ತು ಅಂತ ಹೆದರಿ ಕೈಬಿಟ್ಟಿದ್ದಾನೆ," ಎಂದರು ಅಪ್ಪ, ನಾವು ಒಪ್ಪಿದೆವು. ಪುರಾವೆ ಇದ್ದರೆ ಅಪರಾಧ, ಇಲ್ಲದಿದ್ದರೆ ಜಾಣತನ. ಗಾಡಿಯನ್ನು ಅಪ್ಪ ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಡಲಿಲ್ಲ, ಮಾರಲೂ ಇಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೆ ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಎಂಜಿನ್ ಉಸಿರಾಡದ ಕಾರಣ ನಾವಿಬ್ಬರೂ ಹಿಂದಿನಿಂದ ತಳ್ಳಿ ಹಣ್ಣು ಒಡೆಸುತ್ತಿದ್ದೆವು. ಪಕ್ಕದ ಮನೆಯವರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, ಶಾಲೆಯ ವಿಜ್ಞಾನದ ಪಾಠದಲ್ಲಿ, ಮೂರು ಕಡ್ಡಿಗಳ ಪ್ಲಗ್ಗಿಗೆ ತಂತಿ ಜೋಡಿಸುವುದನ್ನು ನನಗೆ ಕಲಿಸಿದರು. ಹಸಿರು-ಹಳದಿ ತಂತಿಯ ಹೆಸರು 'ವಾಯರ್ ಬೂಮಿ' ಎಂದು ಬರೆದು ಪೂರ್ಣಾಂಕ ಪಡೆದೆ. ಬರೆದ ಕೈಗೆ ಏನೂ ನೆನಪಾಗಲಿಲ್ಲ.

ಶಾಲೆ ತೆರೆಯದೆಯೇ ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು, ಅಮ್ಮ ಮರುವರ್ಷ. ಅಪ್ಪನ ಅಂತ್ಯಕ್ರಿಯೆಗೆ ಚಿಕ್ಕಪ್ಪ ಬಂದಿದ್ದ. ಗೇಟಿನ ಬಳಿಯೇ ನಿಂತು, ಮೂಲೆಯಲ್ಲಿದ್ದ ಗಾಡಿಯನ್ನು ನೋಡುತ್ತಲೇ ಇದ್ದು, ಕಣ್ಣೊರೆಸಿಕೊಂಡು ಹೋದ. ಗಾಡಿಯ ಮೇಲೆ ಇವನಿಗೆ ಇನ್ನೂ ಕಣ್ಣಿದೆ ಎಂದುಕೊಂಡೆ. ನಿಮ್ಮಿಂದ ಮುಚ್ಚಿಡುವುದಿಲ್ಲ, ಅದನ್ನೇ ಅಂದುಕೊಂಡೆ.

ಈ ವರ್ಷ, ಶಾಲೆಯ ಕೆಲಸ ಬಿಟ್ಟ ಮೇಲೆ, ಗಾಡಿಯನ್ನು ನಾನೇ ಚಾಲೂ ಮಾಡಬೇಕೆಂದು ಹೊರಟೆ. ಯಾವ ಅಂಗಡಿಗೂ ಅದನ್ನು ಬಿಟ್ಟುಬರಲು ಧೈರ್ಯವಿರಲಿಲ್ಲ. ಹಳೆಯ ಭಾಗ ತೆಗೆದು ಹೊಸ ನಕಲಿ ಹಾಕುತ್ತಾರೆಂದು ಕೇಳಿದ್ದೆ. ದಪ್ಪ ರಟ್ಟಿನ ಅದೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲಿ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುತ್ತ ಹೋದೆ. ಪೆಟ್ರೋಲು ಇಳಿಯುತ್ತಿದೆ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಎಂಜಿನ್ನಿಗೆ ತಾಗಿಸಿ ಒದ್ದರೆ ಕೆಲವೊಮ್ಮೆ ನೀಲಿ ಕಿಡಿ, ಕೆಲವೊಮ್ಮೆ ಏನೂ ಇಲ್ಲ. ಪ್ಲಗ್ಗನ್ನು ಅನುಮಾನಿಸಿ ಬದಲಿಸಿದೆ. ಅದಕ್ಕೆ ವಿದ್ಯುತ್ತು ತರುವ ದಪ್ಪ ವೈರನ್ನು ಅನುಮಾನಿಸಿ ಬದಲಿಸಿದೆ. ಪಾಯಿಂಟುಗಳನ್ನು ಉಜ್ಜಿ, ನಡುವಿನ ಸಂದನ್ನು ಅಳೆದು ಕೂರಿಸಿದೆ. ಕಂಡೆನ್ಸರ್, ಕಾಯಿಲ್, ಸ್ವಿಚ್ಚು, ಬ್ಯಾಟರಿ, ಎಲ್ಲವೂ ಸರದಿಯಂತೆ ಆರೋಪಿಗಳಾದವು. ತೆಗೆದುಹಾಕಿದ ಪ್ರತಿಯೊಂದೂ ಪರೀಕ್ಷಿಸಿದಾಗ ನಿರ್ದೋಷಿಯಾಗಿತ್ತು. ಆಗ ಬಿಡಿಭಾಗ ಮಾರಿದವನನ್ನು ಅನುಮಾನಿಸಿದೆ. ಹೀಗೆ ನಾಲ್ಕು ತಿಂಗಳು ಕಳೆಯಿತು.

ಕೊನೆಗೆ, ನಾನು ತಿಂಡಿಗೆ ಹೋಗುವ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಪರಿಚಯವಾದ ಸೆಲ್ವಂ ಎಂಬ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ನನ್ನ ವಯಸ್ಸಿನವನೇ. ತಾಯಿ ಹೊಸೂರಿನ ಕಡೆಯವರಾದ್ದರಿಂದ ಕನ್ನಡ, ತಮಿಳು ಎರಡನ್ನೂ ಕಲಸಿ ಮಾತಾಡುತ್ತಿದ್ದ. ಮೇಷ್ಟರಿಗೆ ಇಲ್ಲಿ ಎಲ್ಲರೂ ಕರೆಯುವಂತೆ ನನ್ನನ್ನು 'ಚಿಕ್ಗು' ಎನ್ನುತ್ತಿದ್ದ.

"ಏನೇನ್ ಪಾತ್ತಿರಿ ಚಿಕ್ಗು?" ಎಂದ. ನಾನು ನೋಟ್‌ಬುಕ್ಕನ್ನು ಅವನ ಕೈಗಿತ್ತು, ಅವನ ಕೈ ಗಾಡಿಯ ಯಾವ ಭಾಗದತ್ತಲೂ ಹೋಗದಂತೆ ಎದುರಿಗೆ ನಿಂತೆ.

"ಅಯ್ಯೋ, ಎಕ್ಸಾಮ್ ಪೇಪರ್ ಲಾ ಇದು! ಪ್ಲಗ್ ನೋಡಿದ್ರಿ, ಕಾಯಿಲ್ ನೋಡಿದ್ರಿ..." ಹಾಳೆ ತಿರುವುತ್ತ ಅವನು ಹಿಂದಕ್ಕೆ ಹೋದ. ನಲವತ್ತು ವರ್ಷದ ಹಿಂದೆ ಗಂಜಿ ಅಂಟಿನಿಂದ ನಾನು ಅಂಟಿಸಿಟ್ಟಿದ್ದ ಚೀಟಿ ಅಲ್ಲಿತ್ತು. ಸೆಲ್ವಂ ಅದನ್ನು ಓದಿದ. ಮತ್ತೊಮ್ಮೆ ಓದಿ, ನಗತೊಡಗಿದ.

"ಇದ್ರಲ್ಲೇ ಬರ್ದು ಕೊಟ್ಟಿದ್ದಾರಲ್ಲ ಚಿಕ್ಗು! ಮತ್ಯಾಕೆ ನನ್ನ ಕರೆದ್ರಿ?"

"ಏನು ಬರೆದಿದ್ದಾರೆ?"

"ಅರ್ತ್ ಇಲ್ಲ ಅಂತ."

"ಅರ್ಥವಿಲ್ಲದ್ದು ಯಾವುದು?" ಎಂದೆ. ಅವನ ಉಚ್ಚಾರಣೆಯನ್ನು ತಿದ್ದಬೇಕೆಂಬ ಚಪಲ ಆ ಕ್ಷಣದಲ್ಲೂ ಇತ್ತು.

"ಅರ್ಥ ಅಲ್ಲ ಚಿಕ್ಗು, ಅರ್ತ್. ಅರ್ತ್ ವೈರು. ಬೂಮಿ ಅಂದ್ರೆ ಅದೇ. ಪುತುಸ್ ಅಂದ್ರೆ ಕಟ್ಟಾಗಿದೆ. 'ಅರ್ತ್ ಕಟ್ಟಾಗಿದೆ, ಆಮೇಲೆ ನಾನು ಬಂದು ಜೋಡಿಸ್ತೀನಿ.' ಯಾರೋ ಓದಿದ ಮನುಷ್ಯ. ನಾವೆಲ್ಲ ಅರ್ತ್ ಅಂತೀವಿ, ಇವ್ರು ಸುದ್ದ ಮಲಯ ಬರ್ದಿದ್ದಾರೆ."

"ಭೂಮಿ ಅಂದರೆ ಜಮೀನು ಅಲ್ಲವೇ?"

"ಜಮೀನಿಗೆ ತಾನಾ ಅಂತಾರಲ್ಲ! ಚಿಕ್ಗು, ನೀವು ಈ ದೇಶದಲ್ಲೇ ತಾನೇ ಹುಟ್ಟಿದ್ದು?"

ನಾನು ಗಾಡಿಯ ಮುಂದಿನಿಂದ ಪಕ್ಕಕ್ಕೆ ಸರಿದೆ. ಅವನು ಸೀಟಿನ ಅಡಿ ಬಗ್ಗಿ, ಬ್ಯಾಟರಿಯಿಂದ ಹೊರಟ ವೈರು ಗಾಡಿಯ ಚೌಕಟ್ಟಿಗೆ ಸೇರುವ ಬೋಲ್ಟನ್ನು ಬಿಚ್ಚಿ, ಅಲ್ಲಿ ಚಾಕುವಿನಿಂದ ಕೆರೆದ. ಕಪ್ಪು ಎನಾಮೆಲ್ ಸುರುಳಿಸುರುಳಿಯಾಗಿ ಎದ್ದಿತು. ಅದರ ಕೆಳಗೆ ಬೆಳ್ಳಗೆ ಹೊಳೆಯುವ ಉಕ್ಕು. ಬಣ್ಣ ಹೊಡೆದವನು ಆ ಜಾಗವನ್ನು ಬಿಡದೆ ಬಳಿದಿದ್ದ. ವೈರು ಉಕ್ಕನ್ನು ಮುಟ್ಟದೆ ಬಣ್ಣದ ಮೇಲೆ ಕುಳಿತಿತ್ತು, ಅಲುಗಿದಾಗ ತಾಗಿ, ಅಲುಗಿದಾಗ ಬಿಟ್ಟು. ನಾನು ಬದಲಿಸಿದ ಒಂದೊಂದು ಭಾಗದ ಕೊನೆಯೂ ಅಲ್ಲಿಗೇ ಬಂದು ಮುಟ್ಟುತ್ತಿತ್ತು. ಆ ಒಂದನ್ನು ಮಾತ್ರ ನಾನು ಅನುಮಾನಿಸಿರಲಿಲ್ಲ. ಸೆಲ್ವಂ ಬೋಲ್ಟು ಬಿಗಿದು ಒಂದೇ ಒಂದು ಸಲ ಒದ್ದ. ಎಂಜಿನ್ ಗುಡುಗಿ ಎದ್ದಿತು, ಮತ್ತೆ ಸಾಯಲಿಲ್ಲ. ಆ ಸದ್ದಿನ ಎದುರು ನಿಂತು ನಾನು ಊಟದ ಮೇಜಿನ ಮಾತುಗಳನ್ನು ಒಂದೊಂದಾಗಿ ಮತ್ತೆ ಕೇಳಿಸಿಕೊಂಡೆ. ಸರಿ ಮಾಡಿಸಿ ಆಮೇಲೆ ಹೇಳೋಣ ಅಂತಿದ್ದೆ. ನಿನಗೆ ಖುಷಿಯಾಗ್ಲಿ ಅಂತ ಮಾಡ್ದೆ. ಹಾಳಾಗತ್ತೆ ಅಂತ ನನಗೇನು ಗೊತ್ತು.

ಎರಡು ದಿನ ಬಿಟ್ಟು ನೋಟ್‌ಬುಕ್ಕಿನೊಂದಿಗೆ ಮೆಲಾಕಾಕ್ಕೆ ಹೋದೆ. ಬಾಗಿಲು ತೆರೆದವಳು ಚಿಕ್ಕಪ್ಪನ ಮಗಳು. ನನ್ನ ಕನ್ನಡ ಕೇಳಿಸಿಕೊಂಡು ಒಳಗೆ ತಿರುಗಿ, "ಡ್ಯಾಡಿ, ಸಮ್‌ಒನ್ ಫ್ರಮ್ ಕೆಎಲ್ ಲಾ," ಎಂದಳು. ಅವನಿಗೆ ಅರವತ್ತೆಂಟಾಗಿದೆ, ಕೂದಲೆಲ್ಲ ಹೋಗಿದೆ. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ.

"ಚಿಕ್ಕಪ್ಪ, ನೀವು..." ಎಂದು ಆರಂಭಿಸಿದೆ.

"ನೀವಂತೆ! ಯಾರೋ ಇವನು? ಬಾರೋ ವ್ಯಾಕರಣ, ಒಳಗೆ ಬಾ."

ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚೀಟಿ ನನಗೆ ಸಿಕ್ಕಿದ್ದು, ನಾನು ಅನುವಾದಿಸಿದ್ದು, ಅಪ್ಪ ಕೇಳಿದ್ದು ಭೂಮಿಯ ಬಗ್ಗೆ ಎಂಬುದು. ಅವನು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ತನಗಾಗಿ ಬರೆದ ಆ ನಾಲ್ಕು ವಾಕ್ಯಗಳನ್ನು ಮೊದಲ ಬಾರಿಗೆ ಓದಿದ.

"ಹಾಗಾದ್ರೆ ಪಾಕ್ ಮಾನ್ ಬಂದಿದ್ರಾ?" ಎಂದ. "ಗಾಡಿ ರಿಪೇರಿಗೆ ಬರ್ತೀನಿ ಅಂದು ಕೈಕೊಟ್ರು, ಮೇಲಿಂದ ಅವರೇ ಹೋಗಿ ಅಣ್ಣನಿಗೆ ಚಾಡಿ ಹೇಳಿದ್ರು ಅಂತ ನಾನು... ಹೊರಡೋವಾಗ ಅವರಂಗಡಿ ಮುಂದೇನೇ ಬಸ್ಸು ಹೋಯ್ತು ಕಣೋ. ಅವರು ಕೈಯೆತ್ತಿದ್ರು. ನಾನು ಆ ಕಡೆ ತಿರುಗಿ ಕೂತೆ."

ಚೀಟಿಯ ಮೇಲೆ ಬೆರಳಾಡಿಸುತ್ತ, "ಒಂದು ಮೋಟಾರ್ ಸೈಕಲ್ ಕೆಟ್ಟಿದ್ದಕ್ಕೆ ಅಣ್ಣ ನನ್ನ ಮೇಲೆ ಇಷ್ಟು ವರ್ಷ ಸಿಟ್ಟಿಟ್ಟುಕೊಂಡ್ನಲ್ಲ ಅಂತ ಯೋಚಿಸ್ತಿದ್ದೆ. ಲೆಕ್ಕಕ್ಕೇ ಸಿಗ್ತಿರ್ಲಿಲ್ಲ," ಎಂದ. ಆಮೇಲೆ ಕೇಳಿದ: "ಬಣ್ಣ ಹೆಂಗಿದೆ?"

"ಹಾಗೇ ಇದೆ. ಈಗಲೂ ಮುಖ ಕಾಣತ್ತೆ."

ಅವನು ತಲೆಯಾಡಿಸಿದ. ಕ್ಷಮೆ ಎಂಬ ಪದವನ್ನು ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅದನ್ನು ಹೇಳುವ ಮೊದಲೇ ಅವನು ಕೈ ಚಾಚಿ, "ಕೆಂಪು ಪೆನ್ನು ಇಟ್ಟಿರ್ತೀಯಲ್ಲ ಮೇಷ್ಟ್ರೆ, ಕೊಡು," ಎಂದ. ಹನ್ನೊಂದು ವರ್ಷದವನ ದುಂಡಕ್ಷರದಲ್ಲಿ 'ಬೂಮಿ: ಭೂಮಿ, ಜಮೀನು' ಎಂದಿದ್ದ ಸಾಲನ್ನು ಹುಡುಕಿ, ಕೊನೆಯ ಪದದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಅರ್ತ್' ಎಂದು ಬರೆದ. ತಿದ್ದಿದವರು ತಾರೀಖು ಹಾಕಬೇಕೆಂಬುದು ಅಪ್ಪನ ನಿಯಮ. ಅದೂ ಅವನಿಗೆ ನೆನಪಿತ್ತು. ಕೆಳಗೆ ಹಾಕಿದ: ೧೭ ಆಗಸ್ಟ್ ೨೦೨೫, ಭಾನುವಾರ.